ಗಂಜಾಂನಿಂದ ಡೋರ್ನಹಳ್ಳಿವರೆಗೆ: ಚರ್ಚುಗಳ ಮೊಗಸಾಲೆ ನೋಡುತ್ತಾ

ಶನಿವಾರ – ಶ್ರೀರಂಗಪಟ್ಟಣ, ಗಂಜಾಂ

ಆಷಾಢದಲ್ಲಿ ಮೈಸೂರು ಕಡೆ ಹೋಗುವವರು ಶುಕ್ರವಾರ ಒಂದನ್ನು ಬಿಟ್ಟು ಹೊರಡುವುದು ಒಳ್ಳೆಯದು. ಅವತ್ತು ಊರಿಗೆ ಊರೇ ಚಾಮುಂಡಿಬೆಟ್ಟದ ಕಡೆ ಮುಖ ಮಾಡಿರುತ್ತದೆ. ಲಾಡ್ಜು, ಬಸ್ಸು ಎರಡೂ ತುಂಬಿರುತ್ತವೆ. ನಾನು ಮತ್ತು ನಮ್ಮ ಅತ್ತಿಗೆ ಶನಿವಾರ ಬೆಳಗ್ಗೆ ಬೆಂಗಳೂರಿನಲ್ಲಿ ರೈಲು ಹತ್ತಿದೆವು. ಅತ್ತಿಗೆಯ ಆಫೀಸಿನ ಹುಡುಗಿಯೊಬ್ಬಳ ಮಗುವಿಗೆ ಭಾನುವಾರ ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ಜ್ಞಾನಸ್ನಾನ, ಅಂದರೆ ಚರ್ಚಿನಲ್ಲಿ ನೀರು ಹಾಕಿ ಕ್ರೈಸ್ತ ದೀಕ್ಷೆ ಕೊಡುವ ವಿಧಿ. ಆಷಾಢ ಅಂತ ನಮ್ಮ ಮನೆಗಳಲ್ಲಿ ಬೇರೆ ಯಾವ ಶುಭಕಾರ್ಯವೂ ಇರಲಿಲ್ಲ. ಎರಡು ದಿನ ಮುಂದೆ ಎಳೆದುಕೊಂಡು ಸುತ್ತಾಡಿಯೇ ಬರೋಣ ಅಂದುಕೊಂಡೆವು.

ಸುತ್ತಾಟಕ್ಕೆ ನನ್ನದೊಂದು ಕಾರಣ ಇತ್ತು. ನಾನು ಮನೆ, ಕಟ್ಟಡಗಳ ಪ್ಲಾನ್ ಬರೆಯುವ ಕೆಲಸದವಳು. ಯಾವ ಕಟ್ಟಡಕ್ಕೆ ಹೋದರೂ ಮೊದಲು ನೋಡುವುದು ಬಾಗಿಲ ಸುತ್ತಲಿನ ಜಾಗವನ್ನು. ಚರ್ಚುಗಳಲ್ಲಿ ಆ ಜಾಗಕ್ಕೆ ದೊಡ್ಡ ಚರಿತ್ರೆಯೇ ಇದೆ. ಹೊರಬಾಗಿಲಿಗೂ ಒಳಗಿನ ಪ್ರಾರ್ಥನೆಯ ಹಜಾರಕ್ಕೂ ನಡುವೆ ಬರುವ ಭಾಗ ಅದು. ಕಟ್ಟಡದವರು ನಾರ್ಥೆಕ್ಸ್ ಅನ್ನುತ್ತಾರೆ. ನಾನು ಮೊಗಸಾಲೆ ಎಂದೇ ಬರೆಯುತ್ತೇನೆ. ಪ್ಲಾನಿನಲ್ಲಿ ನೋಡಿದರೆ ಎರಡು ಗೆರೆಗಳ ನಡುವಿನ ಸಣ್ಣ ಪಟ್ಟಿ, ಅಷ್ಟೆ. ದುಡ್ಡು ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದೂ ಆ ಪಟ್ಟಿಗೇ. ಹಾಗೆ ಕತ್ತರಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅನ್ನುವುದನ್ನು ಕಣ್ಣಾರೆ ನೋಡಿ ಬರಬೇಕಿತ್ತು.

ಮದ್ದೂರಿನಲ್ಲಿ ವಡೆ ಬುಟ್ಟಿ ಡಬ್ಬಿಯೊಳಗೇ ಬಂತು. ಬಿಸಿ ಇತ್ತು, ಈರುಳ್ಳಿ ಜಾಸ್ತಿ ಹಾಕಿದ್ದರು. ಶ್ರೀರಂಗಪಟ್ಟಣದಲ್ಲಿ ಇಳಿದಾಗ ತುಂತುರು ಹನಿ. ಕಾವೇರಿ ಕೆಂಪಗೆ, ತುಂಬಿ ಹರಿಯುತ್ತಿತ್ತು. ಆಟೋದವರು ದರಿಯಾ ದೌಲತ್, ಗುಂಬಜ್, ನಿಮಿಷಾಂಬ ಅಂತ ಒಂದೇ ಉಸಿರಿಗೆ ಹೇಳಿದರು. ‘ಗಂಜಾಂನಲ್ಲಿ ಹಳೇ ಚರ್ಚು’ ಅಂದಾಗ ಒಂದು ಕ್ಷಣ ಯೋಚಿಸಿ, ‘ಓ, ದುಬಾಯ್ ಚರ್ಚಾ? ಕೂತ್ಕಳಿ’ ಅಂದರು.

ದುಬಾಯ್ ಅಂದರೆ ಅಬ್ಬೆ ದುಬುವಾ. ಫ್ರಾನ್ಸಿನ ಪಾದ್ರಿ. ಫ್ರಾನ್ಸ್ ಕ್ರಾಂತಿಯಲ್ಲಿ ಉರಿಯುತ್ತಿದ್ದ 1792ರಲ್ಲಿ ಊರು ಬಿಟ್ಟು ದಕ್ಷಿಣ ಭಾರತಕ್ಕೆ ಬಂದವರು. 1799ರಲ್ಲಿ ಟಿಪ್ಪು ಮಡಿದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಇಲ್ಲಿಗೆ ಬಂದರು. ಇಲ್ಲಿನವರ ಹಾಗೇ ಬಟ್ಟೆ ಉಟ್ಟು, ಇಲ್ಲಿನವರ ಹಾಗೇ ಉಂಡು ಬದುಕಿದರು. ಸಿಡುಬು ಹಬ್ಬಿದಾಗ ಮೈಸೂರು ಸೀಮೆಯಲ್ಲಿ ಸಾವಿರಾರು ಜನರಿಗೆ ದೇವಿ, ಅಂದರೆ ಲಸಿಕೆ, ಹಾಕಿಸಿದರು. ನಮ್ಮವರ ಆಚಾರ ವಿಚಾರಗಳ ಮೇಲೆ ಅವರು ಬರೆದದ್ದು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. 1823ರಲ್ಲಿ ಇಲ್ಲಿಂದ ಹೊರಟವರು ಮತ್ತೆ ಬರಲಿಲ್ಲ. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಈ ಭಾಗದ ಜನ ಅವರನ್ನು ಕರೆಯುತ್ತಿದ್ದದ್ದು ದೊಡ್ಡ ಸ್ವಾಮಿಯವರು ಅಂತ.

ಚರ್ಚು ಚಿಕ್ಕದು, ಸರಳ. ನಾವು ಹೋದಾಗ ಬಾಗಿಲು ಹಾಕಿತ್ತು. ಮಧ್ಯಾಹ್ನದ ಹೊತ್ತಿಗೆ ಇಂಥ ಕಡೆ ಹೋದರೆ ಹೀಗೇ, ಬೆಳಗಿನ ಹೊತ್ತು ಹೋಗಬೇಕು. ಮಳೆ ಜೋರಾಯಿತು. ಬಾಗಿಲಿಗೆ ಒತ್ತಿಕೊಂಡು ನಿಂತೆವು. ಕಾಲಿಗೆ ಎರಚಲು ಹೊಡೆಯುತ್ತಿತ್ತು. ಎದುರು ಮನೆಯ ಅಜ್ಜಿಯೊಬ್ಬರು ತಲೆ ಮೇಲೆ ಗೊಬ್ಬರದ ಚೀಲ ಹೊದ್ದುಕೊಂಡು ಬಂದರು.

‘ಯಾಕವ್ವಾ, ಇಲ್ಲೇ ನಿಂತ್ಕಂಡ್ರಿ? ಬೀಗ ಹಾಕವ್ರೆ. ಬನ್ನಿ, ನಮ್ಮ ಜಗಲಿ ಮ್ಯಾಲೆ ಕುಂತ್ಕಳಿ.’

‘ಪರವಾಗಿಲ್ಲ ಅಜ್ಜಿ, ಸುಮ್ನೆ ನೋಡೋಣ ಅಂತ ಬಂದ್ವಿ.’

‘ಬಾಗಿಲ್ನೇ ನೋಡಕ್ಕೆ ಬಂದ್ರಾ?’

ಹೌದು ಅಂದರೆ ನಂಬುವ ಹಾಗಿರಲಿಲ್ಲ, ಆದರೆ ನಿಜ ಅದೇ. ಹಾಕಿದ ಬಾಗಿಲ ಮುಂದೆ ನಿಂತಾಗಲೇ ಈ ಜಾಗ ಏನಕ್ಕೆ ಹುಟ್ಟಿತು ಅನ್ನುವುದು ಚೆನ್ನಾಗಿ ಅರ್ಥವಾಗುತ್ತದೆ. ಕ್ರೈಸ್ತರ ಮೊದಲ ಶತಮಾನಗಳಲ್ಲಿ ಚರ್ಚಿನ ಒಳಗೆ ಎಲ್ಲರಿಗೂ ಪೂರ್ತಿ ಪ್ರವೇಶ ಇರಲಿಲ್ಲ. ದೀಕ್ಷೆಗೆ ತಯಾರಾಗುತ್ತಿರುವವರು ಓದು, ಪ್ರವಚನ ಕೇಳಿಸಿಕೊಂಡು ಅಷ್ಟಕ್ಕೆ ಹೊರಗೆ ಬರಬೇಕಿತ್ತು. ರೊಟ್ಟಿ ದ್ರಾಕ್ಷಾರಸವನ್ನು ಪ್ರಸಾದವಾಗಿ ಕೊಡುವ ಭಾಗ ದೀಕ್ಷೆ ಆದವರಿಗೆ ಮಾತ್ರ. ತಪ್ಪು ಮಾಡಿ ಪ್ರಾಯಶ್ಚಿತ್ತದಲ್ಲಿ ಇರುವವರಿಗೆ ಇನ್ನೂ ಬಿಗಿ. 325ರಲ್ಲಿ ಈಗಿನ ಟರ್ಕಿಯ ನೈಸಿಯಾ ಅನ್ನುವ ಊರಿನಲ್ಲಿ ಬಿಷಪ್ಪರು ಸಭೆ ಸೇರಿದ್ದರು. ಅಲ್ಲಿ ಮಾಡಿದ ಒಂದು ನಿಯಮ ಓದಿದರೆ ಮೈ ಜುಮ್ ಅನ್ನುತ್ತದೆ. ಬಲವಂತ ಇಲ್ಲದೆಯೇ ನಂಬಿಕೆ ಬಿಟ್ಟುಕೊಟ್ಟು ಆಮೇಲೆ ಪಶ್ಚಾತ್ತಾಪ ಪಟ್ಟವರು 3 ವರ್ಷ ಕೇಳುಗರಾಗಿ ಇರಬೇಕು, 7 ವರ್ಷ ಸಾಷ್ಟಾಂಗ ಬೀಳುವವರಾಗಿ ಇರಬೇಕು, ಆಮೇಲೆ 2 ವರ್ಷ ಎಲ್ಲರ ಜೊತೆ ಪ್ರಾರ್ಥನೆ ಮಾಡಬಹುದು, ಆದರೆ ಪ್ರಸಾದ ಇಲ್ಲ. ಈ ಕೇಳುಗರ ಜಾಗವೇ ಮೊಗಸಾಲೆ. ಒಳಗಿನ ಹಾಡು ಕೇಳುತ್ತದೆ, ದೀಪ ಕಾಣುತ್ತದೆ, ಹೆಜ್ಜೆ ಇಡುವ ಹಾಗಿಲ್ಲ. ಹೊರಗೆ ಅಟ್ಟಿಬಿಡುವುದು ಸುಲಭವಿತ್ತು. ಅವರಿಗೂ ಒಂದು ಸೂರು ಕಟ್ಟಿ, ಇಲ್ಲಿರಿ, ಮುಂದೆ ಒಳಗೆ ಬರುವಿರಂತೆ ಅಂದ ಕಟ್ಟಡ ಅದು. ನನಗೆ ಅದು ದೊಡ್ಡ ಮಾತು ಅನ್ನಿಸುತ್ತದೆ.

ಅಜ್ಜಿ ಕೊನೆಗೂ ಜಗಲಿಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟರು. ಬೆಲ್ಲದ ಕಾಫಿ. ಅಂಜೂರ ಎಲ್ಲಿ ಸಿಗುತ್ತದೆ ಅಂತ ಅತ್ತಿಗೆ ಕೇಳಿದರು. ಗಂಜಾಂ ಅಂಜೂರಕ್ಕೆ ಹೆಸರಲ್ವಾ. ‘ಮೊದ್ಲಿನಂಗೆ ಎಲ್ಲೈತೆ ಬುಡಿ, ತ್ವಾಟ ಎಲ್ಲಾ ಸೈಟಾದೋ’ ಅಂದರು ಅಜ್ಜಿ. ಮಳೆ ನಿಂತ ಮೇಲೆ ಹೊರಟರೆ ಆಟೋ ಪಂಕ್ಚರ್. ಸ್ಟೆಪ್ನಿಗೂ ಗಾಳಿ ಇಲ್ಲ. ನಿಮಿಷಾಂಬ ಗುಡಿವರೆಗೆ ನಡೆದೇ ಹೋದೆವು. ಎರಡೂ ಕಡೆ ತೆಂಗು, ನೀರು ನಿಂತ ಗದ್ದೆ. ಹೊಳೆ ಮೆಟ್ಟಿಲ ಹತ್ತಿರ ಪೊಲೀಸರು ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. ಸಂಜೆ ಬಸ್ಸು ಹಿಡಿದು ಮಂಡ್ಯ ಸೇರಿದೆವು.

ಭಾನುವಾರ – ಮಂಡ್ಯದ ಹತ್ತಿರದ ಹಳ್ಳಿ

ಬೆಳಗ್ಗೆ ಏಳಕ್ಕೇ ಹೊರಟೆವು. ಮಂಡ್ಯ ದಾಟಿದರೆ ರಸ್ತೆಯ ಎರಡೂ ಬದಿ ಕಬ್ಬು. ಒಂದು ಆಲೆಮನೆ ನಡೆಯುತ್ತಿತ್ತು, ಬೆಲ್ಲ ಕಾಯುವ ವಾಸನೆ ಬಸ್ಸಿನ ಒಳಗೆಲ್ಲ ತುಂಬಿತು. ಹಳ್ಳಿಯ ಹೆಸರು ಬರೆಯುವುದಿಲ್ಲ. ಮನೆಯವರ ಸಮಾರಂಭ, ಅವರ ಪಾಡಿಗೆ ಅವರಿರಲಿ.

ಚರ್ಚು ಹಳೆಯದೇನಲ್ಲ. ಇಟ್ಟಿಗೆ ಗೋಡೆ, ಮೇಲೆ ಶೀಟು. ಮುಂದೆ ಮಾತ್ರ ಗಟ್ಟಿ ಆರ್‌ಸಿಸಿ ಪೋರ್ಟಿಕೋ, ನಾಲ್ಕು ಕಂಬದ್ದು. ಒಳಗಿನ ಹಜಾರಕ್ಕಿಂತ ಅದಕ್ಕೇ ಜಾಸ್ತಿ ಸಿಮೆಂಟು ಹೋಗಿರುವ ಹಾಗಿತ್ತು. ಪೂಜೆ ಮುಗಿದ ಮೇಲೆ ಜ್ಞಾನಸ್ನಾನ. ಮಳೆ ಮತ್ತೆ ಶುರುವಾಗಿತ್ತು. ಇಡೀ ಊರು ಆ ಪೋರ್ಟಿಕೋ ಕೆಳಗೆ ಸೇರಿಕೊಂಡಿತು. ಕೊಡೆಗಳು ಒಂದು ಮೂಲೆ, ಚಪ್ಪಲಿಗಳು ಒಂದು ಮೂಲೆ, ಗೋಡೆ ಪಕ್ಕ ಮುದುಕರು.

ನಾನು ಮಗುವನ್ನು ನೇರ ಒಳಗೆ, ನೀರಿನ ತೊಟ್ಟಿಯ ಹತ್ತಿರಕ್ಕೆ ಒಯ್ಯುತ್ತಾರೆ ಅಂತ ಕಾಯುತ್ತಿದ್ದೆ. ಫಾದರ್ ಹೊರಗೇ ಬಂದರು. ಬಾಗಿಲ ಹೊಸ್ತಿಲ ಮೇಲೆ ನಿಂತರು. ತಾಯಿ ತಂದೆ, ಮಗುವಿನ ನಂಬಿಕೆಗೆ ಹೊಣೆ ನಿಲ್ಲುವ ಜ್ಞಾನತಂದೆ, ಜ್ಞಾನತಾಯಿ ಎಲ್ಲ ಪೋರ್ಟಿಕೋದಲ್ಲಿ. ‘ಮಗುವಿಗೆ ಏನು ಹೆಸರಿಡುತ್ತೀರಿ?’ ಅಂತ ಕೇಳಿದರು. ಹೆಸರು ಹೇಳಿದರು. ‘ಈ ಮಗುವಿಗಾಗಿ ಧರ್ಮಸಭೆಯಿಂದ ಏನು ಕೇಳುತ್ತೀರಿ?’ ‘ಜ್ಞಾನಸ್ನಾನ’ ಅಂದರು ಇಬ್ಬರೂ. ತಂದೆಯ ದನಿ ಮಳೆ ಸದ್ದಿನಲ್ಲಿ ಕೇಳಿಸಲಿಲ್ಲ, ಫಾದರ್ ಇನ್ನೊಂದು ಸಲ ಹೇಳಿಸಿದರು. ಆಮೇಲೆ ಹೆಬ್ಬೆರಳಿನಿಂದ ಮಗುವಿನ ಹಣೆ ಮೇಲೆ ಶಿಲುಬೆ ಗುರುತು ಎಳೆದರು. ತಾಯಿ ಎಳೆದಳು, ತಂದೆ ಎಳೆದ. ಮಗು ಅಷ್ಟೂ ಹೊತ್ತು ಕಂಬದ ಮೇಲಿನಿಂದ ಸುರಿಯುತ್ತಿದ್ದ ನೀರನ್ನೇ ನೋಡುತ್ತಿತ್ತು. ಇಷ್ಟಾದ ಮೇಲೆ ಹಾಡು ಹೇಳುತ್ತಾ ಎಲ್ಲರೂ ಒಳಗೆ ಹೋದರು.

ಇದು ಆ ಹಳ್ಳಿಯ ಪದ್ಧತಿ ಅಲ್ಲ, ಕಥೋಲಿಕರ ವಿಧಿಯೇ ಹಾಗಿದೆ. ಕೇಳುವುದು, ಒಪ್ಪುವುದು ಬಾಗಿಲಲ್ಲಿ. ನೀರು ಒಳಗೆ. ಹಿಂದೆ ಇಂಗ್ಲೆಂಡಿನಲ್ಲಿ ಮದುವೆಯೂ ಹೀಗೇ. ಗಂಡು ಹೆಣ್ಣು ಚರ್ಚಿನ ಬಾಗಿಲಲ್ಲೇ ಎಲ್ಲರೆದುರು ಮಾತು ಕೊಟ್ಟು, ಉಂಗುರ ತೊಡಿಸಿ, ಆಮೇಲೆ ಪೂಜೆಗೆ ಒಳಗೆ ಹೋಗುತ್ತಿದ್ದರು. ಊರಿನ ಸಾಕ್ಷಿ ಬೇಕಾದ ಕೆಲಸಕ್ಕೆ ಊರಿಗೆ ಕಾಣುವ ಜಾಗವೇ ಸರಿ.

ಊಟಕ್ಕೆ ಕೂತಾಗ ಪಕ್ಕದಲ್ಲಿ ಕೂತವರು ಆ ಪೋರ್ಟಿಕೋ ಕಟ್ಟಿದ ಗಾರೆ ಮೇಸ್ತ್ರಿಯೇ ಆಗಿದ್ದರು. ಮುದ್ದೆ, ನಾಟಿಕೋಳಿ ಸಾರು. ಅವರು ಮುದ್ದೆ ಮುರಿಯುತ್ತಲೇ ಹೇಳಿದರು.

‘ಮೊದ್ಲು ಆರಡಿ ಅಂದ್ರು ಮೇಡಂ. ನಾನು ಒಪ್ನಿಲ್ಲ. ಆರಡಿ ಆದ್ರೆ ಎರಚಲು ಬಾಗಿಲ್ಗೇ ಹೊಡೀತದೆ, ಚೌಕಟ್ಟು ಎರಡೇ ವರ್ಸಕ್ಕೆ ಕೊಳೀತದೆ. ಹತ್ತಡಿ ಹಾಕ್ಸ್ದೆ.’

‘ಅಗಲ?’

‘ಅಗಲ ಪೆಟ್ಟಿಗೆ ಲೆಕ್ಕ. ಆರು ಜನ ಹೊತ್ಕಂಡು ಮೆಟ್ಲು ಹತ್ತಿ, ಇಲ್ಲಿ ಇಳುಕ್ಬೇಕು. ಸ್ವಾಮ್ಗೋಳು ಇಲ್ಲೇ ತೀರ್ಥ ಹಾಕದು. ಸುತ್ತ ಜನ ನಿಲ್ಬೇಕಲ್ವಾ? ಅದ್ಕೇ ಕಂಬ ಅಷ್ಟು ದೂರ ದೂರ.’

ಪೆಟ್ಟಿಗೆ ಅಂದರೆ ಶವಪೆಟ್ಟಿಗೆ. ಸಾವಿನ ದಿನವೂ ಫಾದರ್ ಬಾಗಿಲವರೆಗೆ ಬಂದು, ತೀರ್ಥ ಚಿಮುಕಿಸಿ, ಒಳಗೆ ಕರೆದುಕೊಳ್ಳುತ್ತಾರೆ. ಜ್ಞಾನಸ್ನಾನದ ನೀರಿನ ನೆನಪಿಗೆ. ನಮ್ಮ ಕಾಲೇಜಿನಲ್ಲಿ ಯಾರೂ ಪೋರ್ಟಿಕೋ ಅಗಲಕ್ಕೆ ಈ ಲೆಕ್ಕ ಹೇಳಿಕೊಟ್ಟಿರಲಿಲ್ಲ. ಊಟ ಆದ ಮೇಲೆ ಮೇಸ್ತ್ರಿ ಇನ್ನೊಂದನ್ನು ತೋರಿಸಿದರು. ಪೋರ್ಟಿಕೋ ನೆಲ ಹೊರಗಡೆಗೆ ಸ್ವಲ್ಪ ವಾಟ ಇಟ್ಟಿದ್ದರು. ಕಣ್ಣಿಗೆ ಕಾಣುವುದಿಲ್ಲ. ಅಷ್ಟು ಜನರ ಕೊಡೆಯಿಂದ ಸೋರಿದ ನೀರೆಲ್ಲ ಮೆಟ್ಟಿಲ ಕಡೆಗೆ ತಾನಾಗಿ ಹರಿದುಹೋಗಿತ್ತು. ಬಾಗಿಲ ಹತ್ತಿರ ಒಣಗಿದ ನೆಲ. ನಾನು ಕೂತು ಕೈಯಿಟ್ಟು ನೋಡಿದೆ. ಅವರಿಗೆ ಎಷ್ಟು ಖುಷಿಯಾಯಿತು ಅಂದರೆ ಚರ್ಚಿನ ಹಿಂದಿನ ಗಂಟೆ ಕಂಬ, ಸಂಪು, ನೀರಿನ ಟ್ಯಾಂಕು ಎಲ್ಲಾ ತೋರಿಸಿಯೇ ಬಿಟ್ಟರು.

ಸಂಜೆ ಬಸ್ಸು ತಪ್ಪಿತು, ಮುಂದಿನದು ಒಂದೂವರೆ ಗಂಟೆ ಬಿಟ್ಟು. ಭಾನುವಾರ ಆ ಕಡೆ ಬಸ್ಸು ಕಡಿಮೆ. ಯಾರದೋ ಗೂಡ್ಸ್ ಆಟೋದಲ್ಲಿ ಬಾಡಿಗೆ ಪಾತ್ರೆಗಳ ಜೊತೆ ಕೂತು ಹೆದ್ದಾರಿಗೆ ಬಂದೆವು. ರಾತ್ರಿ ಮೈಸೂರು.

ಸೋಮವಾರ – ಮೈಸೂರು, ಅಶೋಕ ರಸ್ತೆ

ಸಂತ ಫಿಲೋಮಿನಾ ಚರ್ಚಿಗೆ ಟೂರಿಸ್ಟ್ ಬಸ್ಸುಗಳು ಬರುವ ಮೊದಲು ಹೋಗಬೇಕು. ನಾವು ನಜರ್‌ಬಾದಿನಲ್ಲಿ ಬೆಣ್ಣೆ ಹಾಕಿದ ಮೆತ್ತನೆ ದೋಸೆ ತಿಂದು, ಗಾಂಧಿ ಚೌಕದ ಕಡೆಯಿಂದ ಅಶೋಕ ರಸ್ತೆ ಹಿಡಿದು ನಡೆದೇ ಹೋದೆವು. ಮಂಡಿ ಅಂಗಡಿಗಳು ಆಗಷ್ಟೇ ಬಾಗಿಲು ತೆಗೆಯುತ್ತಿದ್ದವು. ರಸ್ತೆ ಮುಂದೆ ಮುಂದೆ ಹೋದ ಹಾಗೆ ಮನೆಗಳ ತಲೆ ಮೇಲೆ ಎರಡು ಚೂಪು ಗೋಪುರ ಕಾಣುತ್ತವೆ. 175 ಅಡಿ ಎತ್ತರ. ಹತ್ತಿರ ಬಂದ ಹಾಗೆ ತಲೆ ಎತ್ತಬೇಕು, ಇನ್ನೂ ಎತ್ತಬೇಕು, ಕೊನೆಗೆ ಕತ್ತು ನೋಯುತ್ತದೆ.

ಇದೇ ಜಾಗದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ ಒಂದು ಚರ್ಚು ಆಗಿತ್ತು. ಜನ ಬೆಳೆದರು, ಅದು ಸಾಲದೆ ಹೋಯಿತು. 1926ರಲ್ಲಿ ಮಹಾರಾಜರ ಹುಜೂರ್ ಕಾರ್ಯದರ್ಶಿ ತಂಬುಚೆಟ್ಟಿಯವರು ಸಂತ ಫಿಲೋಮಿನಾರ ಅವಶೇಷವೊಂದನ್ನು ತರಿಸಿದರು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಹೊಸ ಚರ್ಚಿಗೆ ಅಡಿಗಲ್ಲು ಇಟ್ಟರು. ಕೆಲಸ 1941ರವರೆಗೆ ನಡೆಯಿತು. ನಕ್ಷೆ ಫ್ರಾನ್ಸಿನ ಡಾಲಿ ಅನ್ನುವವರದ್ದು, ಕಣ್ಣ ಮುಂದಿದ್ದ ಮಾದರಿ ಜರ್ಮನಿಯ ಕಲೋನ್ ಚರ್ಚು. ಕಲೋನಿನಲ್ಲಿ 1248ರಲ್ಲಿ ಶುರುವಾಗಿ 1880ರಲ್ಲಿ ಮುಗಿದ ಕೆಲಸ ಅದು. ಮೈಸೂರಿನವರು ಎಂಟು ವರ್ಷದಲ್ಲಿ ಮುಗಿಸಿದರು. ಅಳತೆ ಅದಕ್ಕಿಂತ ಬಹಳ ಚಿಕ್ಕದು, ಆದರೂ ಆಗಿನ ಕಾಲಕ್ಕೆ ಇದು ಸಣ್ಣ ಸಾಹಸ ಅಲ್ಲ.

ಎಲ್ಲರೂ ಗೋಪುರ ನೋಡುತ್ತಾರೆ. ನಾನು ಗೋಪುರದ ಬುಡ ನೋಡಿ ಅನ್ನುತ್ತೇನೆ. ಇಷ್ಟೆತ್ತರದ ಗೋಪುರಕ್ಕೆ ಬುಡದ ಗೋಡೆ ದಪ್ಪ ಇರಲೇಬೇಕು. ಜೋಡಿ ಗೋಪುರದ ಚರ್ಚುಗಳಲ್ಲಿ ಆ ಎರಡು ದಪ್ಪ ಬುಡಗಳ ನಡುವೆ ಸಿಕ್ಕುವ ಜಾಗವೇ ಮೊಗಸಾಲೆ. ಅಂದರೆ ಹೊರಗಿನಿಂದ ಅತಿ ಎತ್ತರವಾಗಿ ಕಾಣುವ ಭಾಗದ ಕೆಳಗೇ, ಒಳಗೆ ಅತಿ ಇಕ್ಕಟ್ಟಾದ ಭಾಗ ಇರುತ್ತದೆ. ಎಷ್ಟೋ ಚರ್ಚುಗಳಲ್ಲಿ ಅದರ ಮೇಲೆ ಹಾಡುವವರ ಅಟ್ಟವನ್ನೂ ಕೂರಿಸುತ್ತಾರೆ, ಸೂರು ಇನ್ನೂ ತಗ್ಗುತ್ತದೆ. ಬಿಸಿಲಿನಿಂದ ಬಂದ ಕಣ್ಣಿಗೆ ಅಲ್ಲಿ ಮೊದಲು ಏನೂ ಕಾಣುವುದಿಲ್ಲ. ನಿಲ್ಲಬೇಕಾಗುತ್ತದೆ. ಆ ನಿಲ್ಲುವುದೇ ಅದರ ಕೆಲಸ. ರಸ್ತೆಯ ಹಾರ್ನ್ ಹಿಂದೆ ಉಳಿಯುತ್ತದೆ. ಮಾತು ತಾನಾಗಿ ಮೆಲ್ಲಗಾಗುತ್ತದೆ. ನಾಲ್ಕು ಹೆಜ್ಜೆ ಇಟ್ಟರೆ ಮೇಲೆ ಕಮಾನುಗಳು ಬಿಚ್ಚಿಕೊಳ್ಳುತ್ತವೆ. ಇಕ್ಕಟ್ಟು ಇಲ್ಲದಿದ್ದರೆ ಆ ಎತ್ತರ ಅಷ್ಟು ಎತ್ತರ ಅನ್ನಿಸುತ್ತಲೇ ಇರಲಿಲ್ಲ. ಸೋಮನಾಥಪುರದ ಕೇಶವ ಗುಡಿಗೆ ಹೋದವರಿಗೆ ಇದು ಹೊಸದೇನಲ್ಲ. ಅಲ್ಲಿಯೂ ಮಹಾದ್ವಾರದ ನೆರಳಿನಲ್ಲಿ ಒಂದು ಕ್ಷಣ ನಿಂತ ಮೇಲೇ ಅಂಗಳದ ಬೆಳಕಿನಲ್ಲಿ ಗುಡಿ ಕಾಣುವುದು. 1258ರಲ್ಲಿ ಹೊಯ್ಸಳರ ದಂಡನಾಯಕ ಕಟ್ಟಿಸಿದ್ದು. ಕಟ್ಟುವವರ ಬುದ್ಧಿ ಎಲ್ಲ ಕಡೆ ಒಂದೇ ದಾರಿ ಹಿಡಿದಿದೆ ನೋಡಿ.

ಬಾಗಿಲ ಹತ್ತಿರ ಒಂದು ಗೋಡೆಗೆ ಒರಗಿ ಬರುವವರನ್ನು ನೋಡುತ್ತಾ ನಿಂತೆ. ಪ್ರಾರ್ಥನೆಗೆ ಬಂದವರು ಯಾರು, ನೋಡಲು ಬಂದವರು ಯಾರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಒಬ್ಬರು ಹೂ ಮಾರುವವರು ಬುಟ್ಟಿಯನ್ನು ಹೊರಗಿಟ್ಟು ಬಂದರು. ತೀರ್ಥದ ಬಟ್ಟಲಲ್ಲಿ ಬೆರಳ ತುದಿ ಅದ್ದಿದರು. ಹಣೆ, ಎದೆ, ಎಡ ಭುಜ, ಬಲ ಭುಜ. ಬೆರಳಲ್ಲಿ ಉಳಿದ ಹನಿಯನ್ನು ಸೆರಗಿನ ತುದಿಗೆ ಒರೆಸಿಕೊಂಡರು. ಅಷ್ಟು ಮಾಡಲು ಅವರು ನಿಲ್ಲಲೂ ಇಲ್ಲ, ನಡಿಗೆಯಲ್ಲೇ ಆಗಿಹೋಯಿತು. ಆ ಬಟ್ಟಲಿನ ಹಿಂದೆ ದೊಡ್ಡ ಕಥೆ ಇದೆ. ಹಳೆಯ ರೋಮನ್ ಚರ್ಚುಗಳ ಮುಂದೆ ನಾಲ್ಕು ಕಡೆ ಕಂಬಸಾಲಿನ ಅಂಗಳ ಇರುತ್ತಿತ್ತು, ಮಧ್ಯೆ ಕಾರಂಜಿ. ಜನ ಕೈ ಮುಖ ತೊಳೆದು ಒಳಗೆ ಹೋಗುತ್ತಿದ್ದರು. ಕಾಲಕ್ರಮೇಣ ಅಂಗಳ ಹೋಯಿತು, ಮೊಗಸಾಲೆಯೂ ಚಿಕ್ಕದಾಯಿತು. ಬಾಗಿಲಲ್ಲಿ ನೀರು ಮುಟ್ಟುವುದು ಮಾತ್ರ ಉಳಿಯಿತು.

ಎಲ್ಲ ಕಡೆಯೂ ಅದು ಚಿಕ್ಕದಾಗಲಿಲ್ಲ. ಇಸ್ತಾಂಬುಲ್ಲಿನ ಹಾಗಿಯಾ ಸೋಫಿಯಾ ಚರ್ಚಾಗಿ 537ರಲ್ಲಿ ಮುಗಿದದ್ದು, ಅಲ್ಲಿ ಒಂದರ ಹಿಂದೆ ಒಂದರಂತೆ ಎರಡು ಮೊಗಸಾಲೆ. ಒಳಗಿನದರಿಂದ ಹಜಾರಕ್ಕೆ ಒಂಬತ್ತು ಬಾಗಿಲು, ನಡುವಿನದು ಆಗ ಚಕ್ರವರ್ತಿಗೆ ಮೀಸಲು. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಇವತ್ತಿಗೂ ಕೆಲವು ಪ್ರಾರ್ಥನೆಗಳನ್ನು ಮೊಗಸಾಲೆಯಲ್ಲೇ ಮಾಡುತ್ತಾರೆ. ಇಂಗ್ಲೆಂಡಿನ ಡರ್ಹಮ್ ಚರ್ಚಿನ ಕಥೆ ಬೇರೆ. ಅಲ್ಲಿನ ಮಠದವರು ಹಜಾರದ ನೆಲದಲ್ಲಿ ಕಪ್ಪು ಕಲ್ಲಿನ ಗೆರೆ ಹಾಕಿದ್ದರು. ಹೆಂಗಸರು ಅದನ್ನು ದಾಟುವ ಹಾಗಿರಲಿಲ್ಲ. ಅದೇ ಚರ್ಚಿನ ಪಶ್ಚಿಮದ ತುದಿಯಲ್ಲಿ, ಬಾಗಿಲ ಕಡೆ, ಹನ್ನೆರಡನೇ ಶತಮಾನದಲ್ಲಿ ಮೇರಿಯಮ್ಮನಿಗೆ ಗೆಲಿಲಿ ಅನ್ನುವ ಪ್ರಾರ್ಥನಾಲಯ ಕಟ್ಟಿದರು. ಅಲ್ಲಿಗೆ ಹೆಂಗಸರು ಬರಬಹುದಿತ್ತು. ಆ ಗೆರೆ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಗೆಲಿಲಿಯ ಸಣ್ಣ ಕಂಬಗಳ ಚಿತ್ರ ನೋಡಿದಾಗ, ಇಡೀ ಚರ್ಚಿನಲ್ಲಿ ಚೆಂದದ ಜಾಗ ಅದೇ ಅನ್ನಿಸುತ್ತದೆ.

ಒಳಗೆ ಫೋಟೋ ತೆಗೆಯುವಂತಿಲ್ಲ. ಒಳ್ಳೆಯದೇ, ನೋಡುವುದಕ್ಕೆ ಕಣ್ಣು ಬಿಡುವಾಗಿರುತ್ತದೆ. ಬಣ್ಣದ ಗಾಜಿನಲ್ಲಿ ಏಸುವಿನ ಜನನದಿಂದ ಹಿಡಿದು ಕಡೆಯ ಊಟ, ಶಿಲುಬೆ, ಪುನರುತ್ಥಾನದವರೆಗೆ ಚಿತ್ರಗಳಿವೆ. ಅವತ್ತು ಮೋಡ. ಗಾಜು ಮಂಕಾಗಿತ್ತು. ಹತ್ತು ಗಂಟೆ ಹೊತ್ತಿಗೆ ಎರಡು ನಿಮಿಷ ಬಿಸಿಲು ಬಂದಾಗ ನೀಲಿ ಬಣ್ಣ ಒಂದು ಕಂಬದ ಮೇಲೆ ಬಿತ್ತು, ಅತ್ತಿಗೆ ನನ್ನ ತೋಳು ಹಿಡಿದು ಎಳೆದು ತೋರಿಸಿದರು. ನೆಲಮಾಳಿಗೆಯಲ್ಲಿ ಮಲಗಿದ ಫಿಲೋಮಿನಾರ ಪ್ರತಿಮೆ ಇದೆ. ಅದರ ಹಾದಿ ಇಕ್ಕಟ್ಟು, ಉಸಿರಾಟದ ತೊಂದರೆ ಇರುವವರು ಜನ ಕಡಿಮೆ ಇರುವಾಗ ಹೋಗುವುದು ಮೇಲು.

ಹೊರಗೆ ಬಂದರೆ ಮೆಟ್ಟಿಲ ಮೇಲೆ ಒಂದು ಜೋಡಿ ಮದುವೆಗೆ ಮೊದಲಿನ ಫೋಟೋ ತೆಗೆಸಿಕೊಳ್ಳುತ್ತಿತ್ತು. ಹುಡುಗಿಯ ಉದ್ದ ಲಂಗ ಒದ್ದೆ ಮೆಟ್ಟಿಲಿನಲ್ಲಿ ಎಳೆದು ಕೆಸರಾಗಿತ್ತು, ಅವಳು ಅಳುವ ಹಾಗಿದ್ದಳು. ಅತ್ತಿಗೆ ಬ್ಯಾಗಿನಿಂದ ಪಿನ್ನು ತೆಗೆದು ಲಂಗ ಎತ್ತಿ ಕಟ್ಟಿಕೊಟ್ಟರು. ‘ಥ್ಯಾಂಕ್ಸ್ ಆಂಟಿ, ಪಿನ್ನು ವಾಪಸ್ ಕೊಡ್ತೀನಿ’ ಅಂದಳು. ‘ಇಟ್ಕೋ ಮರಿ, ಮದ್ವೆಗೂ ಬೇಕಾಗುತ್ತೆ’ ಅಂದರು ಅತ್ತಿಗೆ.

ಮಧ್ಯಾಹ್ನ ದೇವರಾಜ ಮಾರುಕಟ್ಟೆ. ಮಲ್ಲಿಗೆ, ರಸಬಾಳೆ. ರಸಬಾಳೆ ದುಬಾರಿ, ಆದರೂ ಬಿಡಲಿಲ್ಲ.

ಮಂಗಳವಾರ – ಡೋರ್ನಹಳ್ಳಿ

ಮಂಗಳವಾರ ಸಂತ ಅಂತೋಣಿಯವರ ವಾರ. ಡೋರ್ನಹಳ್ಳಿಗೆ ಹೋಗುವುದಾದರೆ ಜನ ನೋಡಲು ಅದೇ ದಿನ ಹೋಗಬೇಕು, ಪ್ರಶಾಂತ ಬೇಕಿದ್ದರೆ ಬೇರೆ ದಿನ. ಮೈಸೂರಿನಿಂದ ಕೆ.ಆರ್. ನಗರದ ಕಡೆ ಹೋಗುವ ಬಸ್ಸು. ಇಲವಾಲ ದಾಟಿದ ಮೇಲೆ ಬಯಲು. ಮುಂದೆ ಕೆ.ಆರ್. ನಗರ ತಾಲ್ಲೂಕು, ಭತ್ತದ ಕಣಜ ಅನ್ನುತ್ತಾರೆ. ಬಸ್ಸಿನಲ್ಲಿ ಅರ್ಧಕ್ಕರ್ಧ ಜನ ಅಂತೋಣಿಯವರ ಹತ್ತಿರವೇ ಹೊರಟವರು. ಪಕ್ಕದ ಸೀಟಿನ ಹೆಂಗಸಿನ ಹಣೆಯಲ್ಲಿ ಕುಂಕುಮ, ಮಡಿಲಲ್ಲಿ ಮೇಣದ ಬತ್ತಿಯ ಕಟ್ಟು. ‘ಮಗ ಕೆಲ್ಸಕ್ಕೆ ಸೇರಿದ್ರೆ ಒಂಬತ್ತು ಮಂಗಳವಾರ ಬತ್ತೀನಿ ಅಂತ ಹೇಳ್ಕಂಡಿದ್ದೆ’ ಅಂದರು.

ಇಲ್ಲಿನ ಕಥೆಯನ್ನು ಬತ್ತಿ ಮಾರುವ ಅಮ್ಮನ ಬಾಯಲ್ಲಿ ಕೇಳಿದೆವು. ಹಿಂದೆ ಒಬ್ಬ ರೈತ ಹೊಲ ಉಳುತ್ತಿದ್ದಾಗ ನೇಗಿಲಿಗೆ ಮರದ ಬೊಂಬೆ ಸಿಕ್ಕಿತಂತೆ. ಮಕ್ಕಳಿಗೆ ಆಡಲು ಕೊಟ್ಟನಂತೆ. ಆಮೇಲೆ ಮನೆಯಲ್ಲಿ ಕಷ್ಟ, ಕನಸಿನಲ್ಲಿ ಸನ್ಯಾಸಿ ಬಂದು ನನಗೊಂದು ಗುಡಿ ಕಟ್ಟು ಅಂದರಂತೆ. ಅದು ಸಂತ ಅಂತೋಣಿಯವರ ಮೂರ್ತಿ ಅಂತ ಗೊತ್ತಾದದ್ದು ಆಮೇಲೆ. 2019ರಲ್ಲಿ ರೋಮಿನಿಂದ ಈ ಚರ್ಚಿಗೆ ಕಿರಿಯ ಬೆಸಿಲಿಕಾ, ಅಂದರೆ ಪೋಪರು ವಿಶೇಷ ಚರ್ಚುಗಳಿಗೆ ಕೊಡುವ ಗೌರವದ ಪದವಿ ಬಂತು. ಬೆಸಿಲಿಕಾ ಆದ ಚರ್ಚುಗಳಿಗೆ ಪೋಪರ ಗುರುತಾದ ಅಡ್ಡಡ್ಡ ಇಟ್ಟ ಎರಡು ಬೀಗದ ಕೈಗಳನ್ನು ಹಾಕಿಕೊಳ್ಳುವ ಹಕ್ಕು ಇರುತ್ತದೆ.

ಇಲ್ಲಿ ಮೊಗಸಾಲೆಯನ್ನು ಗೋಡೆಗಳಿಂದ ಅಳೆಯಲು ಆಗುವುದಿಲ್ಲ. ಅದು ಬಾಗಿಲಲ್ಲಿ ಶುರುವಾಗಿ ಅಂಗಳ, ಅಂಗಡಿ ಸಾಲು, ರಸ್ತೆವರೆಗೂ ಹರಡಿದೆ. ಬಾಗಿಲ ಸುತ್ತ ಚಪ್ಪಲಿ ರಾಶಿ. ಮಗುವಿಗೆ ಹಾಲು ಕುಡಿಸುತ್ತಾ ಕೂತವರು, ಬತ್ತಿ ಹಚ್ಚುವವರು, ಫೋನಿನಲ್ಲಿ ಮನೆಯವರಿಗೆ ಬಾಗಿಲಿಂದಲೇ ದರ್ಶನ ಮಾಡಿಸುವವರು. ಬುರ್ಖಾ ತೊಟ್ಟ ಇಬ್ಬರು ಹೆಂಗಸರು ಹೊಸ್ತಿಲಿನ ಈಚೆ ನಿಂತು, ಮಗುವಿನ ತಲೆ ಮೇಲೆ ಸೆರಗು ಹಾಕಿ, ಕಣ್ಣು ಮುಚ್ಚಿ ಏನೋ ಬೇಡಿಕೊಂಡು ಹಾಗೇ ಹಿಂದಿರುಗಿದರು. ಬತ್ತಿ ಅಮ್ಮನನ್ನು ಕೇಳಿದೆ, ‘ಅವರು ಒಳಗೆ ಹೋಗಲ್ವಾ?’

‘ಕೆಲವ್ರು ಹೋಯ್ತಾರೆ, ಕೆಲವ್ರು ಹೋಗಲ್ಲ. ಯಾರ್ನೂ ಕೇಳಲ್ಲ ಕಣವ್ವ ಇಲ್ಲಿ. ಇಲ್ಲಿಗ್ ಬಂದ್ರೆ ಬಂದಂಗೇಯ.’

ಫ್ರಾನ್ಸಿನ ವೆಜ಼ಲೆಯಲ್ಲಿ ಹನ್ನೆರಡನೇ ಶತಮಾನದ ಯಾತ್ರಾ ಚರ್ಚೊಂದಿದೆ. ದೂರದಿಂದ ನಡೆದು ಬಂದವರ ಜಂಗುಳಿಗೆ ಅಂತಲೇ ಅದರ ಮುಂದೆ ಮೂರು ಅಂಕಣದ ದೊಡ್ಡ ಮೊಗಸಾಲೆ ಕಟ್ಟಿದರು. ಅಲ್ಲಿ ನಿಂತು ತಲೆ ಎತ್ತಿದರೆ ಒಳಬಾಗಿಲ ಮೇಲೆ ಕೆತ್ತನೆ. ನಡುವೆ ಏಸು, ಸುತ್ತ ಲೋಕದ ತುದಿಯಲ್ಲಿರುವ ಜನರೆಲ್ಲ ಅವನ ಕಡೆ ಬರುತ್ತಿರುವುದು. ಆಗಿನ ಶಿಲ್ಪಿ ತನಗೆ ಗೊತ್ತಿರದ ದೇಶದವರನ್ನು ದೊಡ್ಡ ಕಿವಿಯವರು, ಏಣಿ ಹಾಕಿ ಕುದುರೆ ಹತ್ತುವ ಗಿಡ್ಡರು ಅಂತೆಲ್ಲ ಊಹಿಸಿ ಕೆತ್ತಿದ್ದಾನೆ. ಎಲ್ಲರನ್ನೂ ಬಾಗಿಲಿಗೆ ತಂದಿದ್ದಾನೆ. ಡೋರ್ನಹಳ್ಳಿಯ ಬಾಗಿಲ ಮುಂದೆ ಆ ಕೆತ್ತನೆಯ ಅಗತ್ಯವೇ ಇಲ್ಲ. ಜನರೇ ಇದ್ದಾರೆ.

ಇಂಥ ಕಡೆ ಹೊಸ ಕಟ್ಟಡ ಮಾಡುವಾಗ ಒಳಗೆ ಎಷ್ಟು ಸೀಟು ಅನ್ನುವ ಲೆಕ್ಕವನ್ನೇ ಎಲ್ಲರೂ ಮೊದಲು ಕೇಳುತ್ತಾರೆ. ಬಾಗಿಲಾಚೆ ಎಷ್ಟು ಜನಕ್ಕೆ ನೆರಳು ಅನ್ನುವ ಲೆಕ್ಕವನ್ನೂ ಕೇಳಬೇಕು. ಕೂರಲು ಕಟ್ಟೆ, ಕುಡಿಯಲು ನೀರು, ಚಪ್ಪಲಿಗೊಂದು ಗೂಡು, ಗಾಲಿಕುರ್ಚಿಗೆ ಇಳಿಜಾರು. ಹಬ್ಬದ ದಿನ ಒಳಗೆ ಹೋಗಲಾಗದವರೇ ಜಾಸ್ತಿ ಇರುತ್ತಾರೆ. ಅವರ ಚರ್ಚು ಅಂದರೆ ಇಷ್ಟೇ.

ಹೊರಡುವಾಗ ನನ್ನ ಚಪ್ಪಲಿ ಇರಲಿಲ್ಲ. ಅದೇ ಬಣ್ಣದ, ಒಂದು ಸೈಜು ಚಿಕ್ಕ ಜೋಡಿ ಉಳಿದಿತ್ತು. ಯಾರೋ ಗಡಿಬಿಡಿಯಲ್ಲಿ ಹಾಕಿಕೊಂಡು ಹೋಗಿದ್ದರು. ಬತ್ತಿ ಅಮ್ಮ, ‘ಕಳ್ದೋದ್ದು ಹುಡುಕ್ಕೊಡೋ ಸ್ವಾಮಿ ಅಲ್ವಾ ಇವ್ರು, ಒಂದ್ ಬತ್ತಿ ಹಚ್ಚು’ ಅಂದರು. ಹಚ್ಚಿದೆ. ಅತ್ತಿಗೆ ಅಷ್ಟರಲ್ಲಿ ಬಸ್ ಸ್ಟಾಪಿನವರೆಗೆ ಓಡಿ, ಬಸ್ಸು ಹತ್ತುತ್ತಿದ್ದ ಒಬ್ಬ ಕಾಲೇಜು ಹುಡುಗಿಯ ಕಾಲಿನಿಂದ ಅದನ್ನು ಬಿಡಿಸಿಕೊಂಡೇ ಬಂದರು. ಹುಡುಗಿ ಪಾಪ, ಸಾರಿ ಸಾರಿ ಅನ್ನುತ್ತಾ ಹಿಂದೆಯೇ ಬಂದಿದ್ದಳು. ಬಸ್ಸು ಹೋಗಿಬಿಟ್ಟಿತು. ಮೂವರೂ ಮುಂದಿನ ಬಸ್ಸಿನಲ್ಲಿ ಕೆ.ಆರ್. ನಗರಕ್ಕೆ ಹೋದೆವು. ಅಲ್ಲಿ ಬಾಳೆಎಲೆ ಊಟ ಮಾಡಿ, ಮೈಸೂರಿನ ರೈಲು ಹಿಡಿದೆವು. ಜೂನ್ 13ಕ್ಕೆ ಅಂತೋಣಿಯವರ ಹಬ್ಬ, ಆಗ ಜನ ಹೇಗೆ ನಿಲ್ಲುತ್ತಾರೆ ನೋಡಬೇಕು ಅಂತ ಆ ಹುಡುಗಿಯ ನಂಬರನ್ನು ಅತ್ತಿಗೆ ಆಗಲೇ ಬರೆದುಕೊಂಡಿದ್ದರು.